ನಾಲ್ಕನೇ ಪೆಟ್ಟಿಗೆಯಲ್ಲಿ ತುಡುವೆ ನಿಂತಿತು

ನಾನೇ ಮಾಡಿದ ಪೆಟ್ಟಿಗೆಯಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು, ನಿಂತು ಈಗ ಎರಡು ವರ್ಷ. ಕಳೆದ ಬೇಸಿಗೆಯಲ್ಲಿ ಆ ಒಂದೇ ಪೆಟ್ಟಿಗೆಯಿಂದ ಏಳು ಕೆ.ಜಿ. ಹತ್ತಿರ ಜೇನುತುಪ್ಪ ತೆಗೆದೆ. "ಬಡಗಿ ಕೆಲಸ ಹೆಂಗಸರ ಕೈಗೆ ಹತ್ತೋದಲ್ಲ" ಅಂದವರ ಮನೆಗೆ ಒಂದೊಂದು ಬಾಟಲಿ ಕೊಟ್ಟು ಬಂದೆ.

ನಮ್ಮ ಮನೆಗೆ ಜೇನು ಹೊಸದಲ್ಲ. 1991-92ರ ಹೊತ್ತಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ನೆಲಕಚ್ಚಿದಾಗ ಮಾವ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲೇ ಇಲ್ಲ. ನಾನೇ ಪೆಟ್ಟಿಗೆ ಮಾಡ್ತೀನಿ ಅಂದಾಗ, "ಆಚಾರ್ರನ್ನ ಕರೆಸಿದ್ರೆ ಆಯ್ತು, ನಿಂಗ್ಯಾಕೆ ಈ ಉಸಾಬರಿ?" ಅಂದರು. ನಾನು ನ್ಯೂಟನ್ ಅನ್ನುವ ಮಾದರಿಯ ಒಂದು ಹಳೇ ಜೇನುಪೆಟ್ಟಿಗೆ ಇಳಿಸಿ ಅದರ ಅಳತೆಗೇ ಹೊಸದು ಮಾಡಿದೆ. ಎಡವಿದ್ದೇ ಅಲ್ಲಿ. ಅಷ್ಟು ವರ್ಷ ಅಡುಗೆಮನೆ ಹೊಗೆ ಕುಡಿದ ಹಲಗೆ ಸೊಟ್ಟಗಾಗಿತ್ತು. ಹೊಸದರಲ್ಲೂ ಎರಿ (ಮೇಣದ ಗೂಡು) ಕಟ್ಟುವ ಚೌಕಟ್ಟಿಗೂ ಪೆಟ್ಟಿಗೆ ಗೋಡೆಗೂ ನಡುವೆ ಅರ್ಧ ಇಂಚು ಸಂದು ಉಳಿಯಿತು; ಬೇಕಾದ್ದು 8 ಮಿ.ಮೀ. ಆಸುಪಾಸು. ಹೆಚ್ಚಿನ ಜಾಗದಲ್ಲಿ ಜೇನುನೊಣಗಳು ಅಡ್ಡ ಎರಿ ಕಟ್ಟಿದವು. ಚೌಕಟ್ಟು ಎತ್ತಿದೆ, ಎರಿ ಹರಿದು ತುಪ್ಪ ಸೋರಿತು, ಇರುವೆ ಮುತ್ತಿತು. ನಾಲ್ಕು ದಿನದಲ್ಲಿ ಜೇನಿನ ಕುಟುಂಬ ಹಾರಿಹೋಯಿತು. ಅವತ್ತು ಊಟ ಸೇರಲಿಲ್ಲ.

ಎರಡನೆಯದು ಮಾವಿನ ಹಲಗೆ. ಒಣಗಿದೆ ಅಂತ ಮಿಲ್ಲಿನವರು ಕೊಟ್ಟಿದ್ದು, ಹಸಿಯಿತ್ತು. ಜುಲೈ ಮಳೆಗೆ ಮುಚ್ಚಳ ಬಾಗಿ ನೀರು ಒಳಗೆ. ಮೂರನೆಯದಕ್ಕೆ ಚೆಂದ ಕಾಣಲಿ ಅಂತ ಒಳಗೂ ಪೇಂಟ್ ಬಳಿದೆ. ನೊಣ ಒಂದು ರಾತ್ರಿಯೂ ನಿಲ್ಲಲಿಲ್ಲ. ಜೇನು ಕುಟುಂಬದ ಬೆಲೆಯೂ ಸೇರಿ ಈ ಮೂರು ಪೆಟ್ಟಿಗೆಗೆ ಒಟ್ಟು ಆರು ಸಾವಿರದ ಮೇಲೆ ಹೋಯಿತು. ಅಷ್ಟಕ್ಕೆ ಅಂಗಡಿಯದೇ ಎರಡು ಬರುತ್ತಿತ್ತು, ನಿಜ.

ನಾಲ್ಕನೆಯದಕ್ಕೆ ಹಲಸಿನ ಹಲಗೆಯನ್ನು ಒಂದು ಬೇಸಿಗೆ ಪೂರ್ತಿ ಅಟ್ಟದಲ್ಲಿ ಒಣಗಿಸಿದೆ. ಮೂಲಮಟ್ಟ (ಮೂಲೆ ನೇರ ಇದೆಯಾ ಅಂತ ನೋಡುವ ಸಾಧನ) ಇಡದೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಸಂದಿಗೆ ಟೇಪ್ ಬಿಟ್ಟು 8 ಮಿ.ಮೀ. ಡ್ರಿಲ್ ಬಿಟ್ಟನ್ನೇ ತೂರಿಸಿ ನೋಡಿದೆ: ಬಿಗಿಯೂ ಇರಬಾರದು, ಅಲ್ಲಾಡಲೂ ಬಾರದು. ಬಣ್ಣ ಹೊರಗೆ ಮಾತ್ರ. ಒಳಗೆ ಹಳೇ ಮೇಣ ಸವರಿ ಒಂದು ಸೊಪ್ಪು ಉಜ್ಜುತ್ತೇನೆ. ಯಾವ ಸೊಪ್ಪು ಅಂತ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ. ಖರ್ಚು ಸುಮಾರು 900.

ನಡುವೆ ಮುಚ್ಚಳದ ಮೇಲೆ ಅಡಿಕೆ ಹಾಳೆ ಹೊದಿಸಿ ನೋಡಿದೆ. ಒಂದು ಮಳೆಗಾಲ ಚೆನ್ನಾಗಿ ತಡೆಯಿತು, ಆಮೇಲೆ ಒರಲೆ (ಗೆದ್ದಲು) ಹಿಡಿಯಿತು. ಹಾಳೆಗೆ ಗೇರೆಣ್ಣೆ ಬಳಿದರೆ ಹೇಗೆ ಅಂತ ಈ ಸಲ ನೋಡಬೇಕು.

ಈಗ ಹದಿನಾಲ್ಕು ಪೆಟ್ಟಿಗೆ ಆಗಿವೆ. ಕೈ ಬೇರೆ ಕೆಲಸಕ್ಕೂ ಹತ್ತಿತು. ಮೊದಲೆಲ್ಲ ಪಂಪ್ ಕೆಟ್ಟರೆ ಮಿಸ್ತ್ರಿಗಾಗಿ ಎರಡು ದಿನ ಕಾಯುತ್ತಿದ್ದೆ. ಹೋದ ತಿಂಗಳು ಮೇನ್ ಸ್ವಿಚ್ ಆಫ್ ಮಾಡಿ ಪಂಪಿನ ಸ್ಟಾರ್ಟರ್ ಬಿಚ್ಚಿದೆ. ಸುಟ್ಟಿದ್ದು ಒಂದು ಕಾಯಿಲ್, ನಾನೇ ಬದಲಾಯಿಸಿದೆ. ಬಿಚ್ಚುವಾಗ ಕೈ ನಡುಗಲಿಲ್ಲ. ಮೂರು ಪೆಟ್ಟಿಗೆ ಹಾಳು ಮಾಡಿದ ಕೈ ಅದು, ಕೆಟ್ಟರೆ ಎಷ್ಟು ಕೆಡುತ್ತದೆ ಅಂತ ಅದಕ್ಕೆ ಗೊತ್ತಿತ್ತು.

ಆರು ಪೆಟ್ಟಿಗೆಗೆ ಊರವರ ಆರ್ಡರ್ ಇದೆ. ಹಲಗೆ ಅಟ್ಟದಲ್ಲಿದೆ, ಇನ್ನೂ ಒಂದು ತಿಂಗಳು ಮುಟ್ಟುವುದಿಲ್ಲ.