ಮಳೆಗಾಲದ ಬೂಷ್ಟು ಮತ್ತು ಹತ್ತಡಿಯ ಕೋಣೆ

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ಮಲಗುವ ಕೋಣೆ. ಮಳೆಗಾಲ ಬಂತೆಂದರೆ ಕಪಾಟಿನಲ್ಲಿದ್ದ ರೇಷ್ಮೆ ಸೀರೆಗಳಿಗೆ ಬೂಷ್ಟು. ಕಪಾಟು ಚೆನ್ನಾಗಿಯೇ ಇತ್ತು, ಇಟ್ಟ ಜಾಗ ತಪ್ಪು. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಅಂಟಿಸಿಟ್ಟಿದ್ದರಿಂದ ಹಿಂದೆ ಗಾಳಿಯಾಡದೆ ಪ್ಲೈವುಡ್ಡು ತೇವ ಹೀರುತ್ತಿತ್ತು.

ಕಪಾಟನ್ನು ಎದುರಿನ ಒಳಗೋಡೆಗೆ ಸರಿಸಿ, ಹಿಂದೆ 2 ಇಂಚು ಜಾಗ ಬಿಟ್ಟು, ಕೆಳಗೆ 4 ಇಂಚಿನ ಕಾಲು ಕೊಟ್ಟೆ. ಮಳೆ ಹೊಡೆಯುವ ಗೋಡೆಯ ಹೊರಗಿನ ಬಿರುಕು ಮುಚ್ಚಿಸದೆ ಒಳಗೆ ಪುಟ್ಟಿ ಹಚ್ಚಬೇಡಿ, ಮುಂದಿನ ಮಳೆಗೆ ಉಬ್ಬಿ ಉದುರುತ್ತದೆ. ಬಿರುಕು ಮುಚ್ಚಿಸಲು ಮೊದಲು ಕಟ್ಟಡದ ಹೌಸಿಂಗ್ ಸೊಸೈಟಿಗೆ ಬರೆದುಕೊಡಿ.

ಇನ್ನು ಅಳತೆ. ಕಪಾಟಿಗೆ 2 ಅಡಿ, ಮಂಚಕ್ಕೆ ಆರೂವರೆ ಅಡಿ ಹೋದರೆ ಉಳಿಯುವುದು ಒಂದೂವರೆ ಅಡಿ. ಕೀಲಿನ ಬಾಗಿಲು ಮಂಚಕ್ಕೆ ಬಡಿಯುತ್ತದೆ, ಸ್ಲೈಡಿಂಗ್ ಬಾಗಿಲೇ ಸರಿ. ಮಂಚದ ತಲೆಹಲಗೆಯೂ ಹೊರಗೋಡೆಗೆ ತಾಗಬಾರದು. ಕಂಬಳಿ, ರಜಾಯಿಗೆ ಹಲಗೆ ಮೇಲೆತ್ತಿ ಒಳಗೆ ಸಾಮಾನು ಇಡುವ ಹೈಡ್ರಾಲಿಕ್ ಮಂಚ ಒಳ್ಳೆಯದು. ಆದರೆ ಹಾಸಿಗೆ ಹಾಕದೆ ಪರೀಕ್ಷಿಸಿದರೆ ಹಲಗೆ ಕೆಳಗಿಳಿಯುವುದಿಲ್ಲ, ಅದು ದೋಷವಲ್ಲ. ಹಲಗೆಯನ್ನು ಮೇಲೆತ್ತುವ ಗ್ಯಾಸ್ ಸ್ಪ್ರಿಂಗು ಹಾಸಿಗೆಯ ಭಾರ ಲೆಕ್ಕ ಹಾಕಿಯೇ ಕೂಡಿಸಿದ್ದು.

ಗೋಡೆಗೆ ಶೆಲ್ಫ್ ಹೊಡೆಯುವಾಗ ಡ್ರಿಲ್ಲಿನ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ, ಮಾಮೂಲಿ ಪ್ಲಗ್ (ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಕೊಳವೆ) ಸಾಕು. ಬೂದು-ಬಿಳಿ ಪುಡಿ ಸಲೀಸಾಗಿ ಉದುರಿದರೆ ಹಗುರ ಕಾಂಕ್ರೀಟಿನ ಬ್ಲಾಕು: ಡ್ರಿಲ್ಲು ಕುಟ್ಟುತ್ತಾ ಕೊರೆಯುವ ಹ್ಯಾಮರ್ ಮೋಡ್ ನಿಲ್ಲಿಸಿ, ಆ ಬ್ಲಾಕಿಗೆಂದೇ ಸಿಗುವ ನೈಲಾನ್ ಪ್ಲಗ್ ಹಾಕಿ. ಮಾಮೂಲಿ ಪ್ಲಗ್ ಹಾಕಿದರೆ ಪುಸ್ತಕ ಜೋಡಿಸುತ್ತಿದ್ದಂತೆ ಸ್ಕ್ರೂ ಕಿತ್ತು ಬರುತ್ತದೆ.