ಇಂಜೆಕ್ಟರ್ ಬದಲಿಸುವ ಮೊದಲು ನಾಲ್ಕು ಬಾಟಲಿ ತನ್ನಿ

ಸಿಂಧನೂರಿನಲ್ಲಿ ಡೀಸೆಲ್ ಪಂಪು, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಜೋಡಿಸುವುದು ನನ್ನ ಕಸುಬು. ಬರುವವರಲ್ಲಿ ಬಹಳ ಮಂದಿ ಕಾರಿನ ಜೊತೆಗೆ ತೀರ್ಪನ್ನೂ ತಂದಿರುತ್ತಾರೆ: ‘ಹೊಗೆ ಬರುತ್ತಿದೆ, ಪಿಕಪ್ ಇಲ್ಲ, ನಾಲ್ಕೂ ಇಂಜೆಕ್ಟರ್ ಹಾಕಿಬಿಡಿ ಅಣ್ಣ.’ ಹಾಕಿದರೆ ನನಗೆ ಲಾಭವೇ. ಆದರೆ ಹಾಕಿದ ಮೇಲೂ ಹೊಗೆ ನಿಲ್ಲದಿದ್ದರೆ ಬೈಗುಳ ತಿನ್ನುವವನೂ ನಾನೇ. ಅದಕ್ಕೇ ಮೊದಲು ಅಳತೆ, ಆಮೇಲೆ ಮಾತು.

ನಮ್ಮ ಕಡೆ ಇನ್ನೂ ಓಡುತ್ತಿರುವ ಸ್ವಿಫ್ಟ್, ಡಿಜೈರ್, ವಿಸ್ಟಾ ಡೀಸೆಲ್‌ಗಳಲ್ಲಿ ಫಿಯೆಟ್ ವಿನ್ಯಾಸದ 1.3 ಲೀಟರ್ ಎಂಜಿನ್ನೇ ಹೆಚ್ಚು. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದ್ದರಿಂದ, ಇರುವ ಗಾಡಿಗಳೆಲ್ಲ ವಯಸ್ಸಾದವೇ. ‘ಎಷ್ಟು ಕಿಲೋಮೀಟರ್‌ಗೆ ಇಂಜೆಕ್ಟರ್ ಬದಲಿಸಬೇಕು?’ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಡೀಸೆಲ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ ಗಾಡಿ ಎರಡು ಲಕ್ಷ ದಾಟಿಯೂ ಗಟ್ಟಿಯಾಗಿರುತ್ತದೆ. ಹೊಲದ ಕ್ಯಾನಿನಿಂದ ಡೀಸೆಲ್ ಸುರಿಸಿಕೊಂಡ ಗಾಡಿ ಅದರ ಅರ್ಧಕ್ಕೇ ಏದುಸಿರು ಬಿಡುತ್ತದೆ.

ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರಿನಲ್ಲಿ ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಿಮೆಯಾಗಿದೆ. ಎರಡನೆಯದನ್ನು ಮೊದಲು ನೋಡಿ, ಅಗ್ಗದಲ್ಲಿ ಮುಗಿಯುತ್ತದೆ. ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಿಂದ ಬಾಗಿಸಿ, ತಳಭಾಗವನ್ನು ಬೆರಳಿನಿಂದ ಸವರಿ. ಬಿರುಕಿದ್ದರೆ ಅಲ್ಲಿ ಎಣ್ಣೆ ಒಸರಿ, ಅದಕ್ಕೆ ಧೂಳು ಮೆತ್ತಿಕೊಂಡು ಕರಿಯ ಪಟ್ಟಿ ಮೂಡಿರುತ್ತದೆ. ನಮ್ಮ ರಸ್ತೆಗಳ ಧೂಳಿನಿಂದ ಇದೊಂದು ಉಪಕಾರ. ಭತ್ತದ ಕೊಯ್ಲಿನ ದಿನಗಳಲ್ಲಿ ಏರ್ ಫಿಲ್ಟರ್ ಹೊಟ್ಟಿನಿಂದಲೇ ತುಂಬಿರುತ್ತದೆ, ಅದನ್ನೂ ತೆಗೆದು ನೋಡಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತಿದ್ದರೂ ಇದೇ ಹೊಗೆ, ಇದೇ ಮಂದಗತಿ.

ಇಂಜೆಕ್ಟರ್ ಸವೆದ ಗುರುತು ನಮ್ಮ ಜಿಲ್ಲೆಯಲ್ಲಿ ಬೇಸಿಗೆಯಲ್ಲೇ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಕಾರು ಒಂದೇ ಸೆಲ್ಫ್‌ಗೆ ಎದ್ದಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಲಿಂಗಸುಗೂರಿನವರೆಗೆ ಓಡಿಸಿ, ಚಹಾಕ್ಕೆ ಇಳಿದು ಬಂದು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಏಳುವುದಿಲ್ಲ. ಒಂದು ಗಂಟೆ ತಣ್ಣಗಾದರೆ ಏನೂ ಆಗದವರಂತೆ ಎದ್ದು ಕೂರುತ್ತದೆ. ಬ್ಯಾಟರಿ ಬದಲಿಸಿ, ಸೆಲ್ಫ್ ಮೋಟಾರ್ ಬಿಚ್ಚಿಸಿ ಸೋತ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ಕಾರಣ ಸರಳ. ಎಂಜಿನ್ ಏಳಬೇಕಾದರೆ ನಾಲ್ಕೂ ಇಂಜೆಕ್ಟರ್‌ಗೆ ಡೀಸೆಲ್ ಹಂಚುವ ಕೊಳವೆಯಾದ ರೇಲ್‌ನಲ್ಲಿ ಹೆಚ್ಚುಕಡಿಮೆ 200 ಬಾರ್ ಒತ್ತಡ ಕಟ್ಟಬೇಕು, ಅಲ್ಲಿಯವರೆಗೆ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಡೀಸೆಲ್ ಸಿಂಪಡಿಸಲು ಬಿಡುವುದಿಲ್ಲ. ಇಂಜೆಕ್ಟರ್ ಒಳಗಿನ ಪುಟ್ಟ ವಾಲ್ವ್ ಸವೆದಿದ್ದರೆ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೆ ಸೋರುತ್ತಲೇ ಇರುತ್ತದೆ. ಕಾದ ಡೀಸೆಲ್ ತೆಳು, ಇನ್ನೂ ಬೇಗ ಸೋರುತ್ತದೆ. ಹಾಗಾಗಿ ಸೆಲ್ಫ್‌ನ ನಿಧಾನ ವೇಗಕ್ಕೆ ಪಂಪು ಒತ್ತಡ ಕಟ್ಟಲಾರದು. ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೆಟ್ಟರೂ ಇದೇ ನಾಟಕ ನಡೆಯುತ್ತದೆ. ಸೆಲ್ಫ್ ಹೊಡೆಯುವಾಗ ಇಸಿಯು ಲೆಕ್ಕವನ್ನು ಓದುವ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆಯಲ್ಲೇ ಇದ್ದರೆ ಸೆನ್ಸರ್ ಮೇಲೆ ಅನುಮಾನ. ಆರ್‌ಪಿಎಂ ತೋರಿಸಿ ರೇಲ್ ಒತ್ತಡ ಏರದಿದ್ದರೆ ಬಾಟಲಿಗಳಿಗೆ ಕೆಲಸ.

ಯಾವ ಇಂಜೆಕ್ಟರ್ ಸೋರುತ್ತಿದೆ ಎಂದು ನೋಡಲು ಒಂದೇ ಅಳತೆಯ ನಾಲ್ಕು ಪಾರದರ್ಶಕ ಬಾಟಲಿ, ನಾಲ್ಕು ತೆಳು ಟ್ಯೂಬ್ ಇದ್ದರೆ ಸಾಕು. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇಂಜೆಕ್ಟರ್ ತಲೆಯ ಮೇಲಿನ ರಿಟರ್ನ್ ಪೈಪುಗಳನ್ನು ಬಿಡಿಸಿ, ಒಂದೊಂದಕ್ಕೂ ಟ್ಯೂಬ್ ಸಿಕ್ಕಿಸಿ ಬಾಟಲಿಗೆ ಬಿಡಿ. ಬಿಡಿಸಿದ ಪೈಪಿನ ಬಾಯಿಯನ್ನು ಮುಚ್ಚಿ. ಐಡಲಿಂಗ್‌ನಲ್ಲಿ ಎರಡು ಮೂರು ನಿಮಿಷ ಓಡಿಸಿ ಬಾಟಲಿಗಳನ್ನು ಸಾಲಾಗಿ ಇಟ್ಟು ನೋಡಿ. ಮೂರರಲ್ಲಿ ಒಂದೇ ಮಟ್ಟ, ಒಂದರಲ್ಲಿ ಅದರ ಎರಡು ಮೂರು ಪಟ್ಟು ಇದ್ದರೆ ಕಳ್ಳ ಸಿಕ್ಕಿದ. ಎಂಜಿನ್ ಏಳದೇ ಇದ್ದರೆ ಸೆಲ್ಫ್ ಹೊಡೆದೇ ಅಳೆಯಬಹುದು. ಆಗ ಒಳ್ಳೆಯ ಇಂಜೆಕ್ಟರ್‌ನಿಂದ ಹನಿಯೂ ಬರುವುದು ಕಷ್ಟ, ಕೆಟ್ಟದ್ದು ಧಾರೆ ಬಿಡುತ್ತದೆ. ವಿದ್ಯುತ್ ಕೊಟ್ಟರೆ ಹಿಗ್ಗುವ ಹರಳಿನಿಂದ ತೆರೆಯುವ ಪಿಯೆಜೊ ಮಾದರಿಯ ಇಂಜೆಕ್ಟರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಅವುಗಳ ರಿಟರ್ನ್‌ನಲ್ಲೂ ಒತ್ತಡ ಇರಲೇಬೇಕು.

ಇಲ್ಲಿ ಒಂದು ಮಾತನ್ನು ಗದರಿಸಿಯೇ ಹೇಳುತ್ತೇನೆ. ಮುಟ್ಟುವುದು ತೆಳು ರಿಟರ್ನ್ ಪೈಪನ್ನು ಮಾತ್ರ. ರೇಲ್‌ನಿಂದ ಇಂಜೆಕ್ಟರ್‌ಗೆ ಬರುವ ಸ್ಟೀಲ್ ಪೈಪಿನ ನಟ್ ಅನ್ನು ಎಂಜಿನ್ ಓಡುವಾಗ ಸಡಿಲಿಸಬಾರದು. ಹಳೆಯ ಟ್ರ್ಯಾಕ್ಟರ್‌ನಲ್ಲಿ ಹಾಗೆ ಮಾಡಿ ಮಿಸ್ಸಿಂಗ್ ಕಂಡುಹಿಡಿಯುತ್ತಿದ್ದವರು ರೇಲ್ ಇರುವ ಈ ‘ಕಾಮನ್ ರೇಲ್’ ಎಂಜಿನ್‌ನಲ್ಲೂ ಅದೇ ಧೈರ್ಯ ತೋರಿಸುತ್ತಾರೆ. ಅಲ್ಲಿ 1,600 ಬಾರ್‌ವರೆಗೆ ಒತ್ತಡವಿರುತ್ತದೆ. ಆ ಧಾರೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಗಾಯ ಸೂಜಿಯ ತೂತಿನಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ತಡ ಮಾಡಲೇಬಾರದ ಲಕ್ಷಣ ಒಂದಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಕಾರನ್ನು ನಿಲ್ಲಿಸಿ. ಇಂಜೆಕ್ಟರ್ ತುದಿಯ ನಾಝಲ್ ಮುಚ್ಚದೆ ಸೋರಿ, ಸಿಲಿಂಡರ್ ಗೋಡೆ ತೊಳೆದುಕೊಂಡು ಡೀಸೆಲ್ ಕೆಳಗಿಳಿಯುತ್ತಿರಬಹುದು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು ಈ ಆಯಿಲ್‌ನ ಪದರದ ಮೇಲೆಯೇ. ಅದು ನೀರಿನಂತೆ ತೆಳುವಾದರೆ ಇಂಜೆಕ್ಟರ್ ಖರ್ಚಿನ ಜೊತೆಗೆ ಟರ್ಬೊ ಖರ್ಚೂ ಸೇರುತ್ತದೆ. ಸೋರುವ ನಾಝಲ್ ಪಿಸ್ಟನ್ ತಲೆಯನ್ನೇ ಕರಗಿಸಿದ್ದನ್ನೂ ಬಿಚ್ಚಿ ನೋಡಿದ್ದೇನೆ. 2020ರಿಂದ ಬಂದ ಹೊಗೆ ನಿಯಮದ ಬಿಎಸ್6 ಗಾಡಿಯಲ್ಲಿ ಮಾತ್ರ ಇಂಜೆಕ್ಟರನ್ನು ದೂರುವ ಮೊದಲು ಸ್ವಲ್ಪ ತಾಳ್ಮೆ ಬೇಕು: ಊರೊಳಗೇ ಓಡಾಡಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಶುದ್ಧೀಕರಣ ಪದೇ ಪದೇ ಅರ್ಧಕ್ಕೆ ನಿಂತರೂ ಆಯಿಲ್ ಏರುತ್ತದೆ.

ಬಾನೆಟ್ ತೆರೆದಾಗ ಚುಸ್ ಚುಸ್ ಸದ್ದು, ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕರಿ ಗಟ್ಟಿಯಿದ್ದರೆ ಹೋಗಿರುವುದು ತಾಮ್ರದ ವಾಷರ್. ಅದಕ್ಕೆ ಇಂಜೆಕ್ಟರ್ ಕೊಳ್ಳಬೇಡಿ. ಸ್ಕ್ಯಾನರ್‌ನಲ್ಲಿ ಒಂದು ಸಿಲಿಂಡರ್‌ನ ಕರೆಕ್ಷನ್ (ಡೀಸೆಲ್ ಹೆಚ್ಚುಕಡಿಮೆ ಮಾಡಿ ಇಸಿಯು ಸರಿದೂಗಿಸುವ ಅಂಕಿ) ಉಳಿದವಕ್ಕಿಂತ ಬಹಳ ದೂರ ಹೋಗಿದ್ದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ಅಳೆಸದೆ ಇಂಜೆಕ್ಟರ್ ಮೇಲೆ ತಪ್ಪು ಹೊರಿಸಬೇಡಿ, ಪಿಸ್ಟನ್ ರಿಂಗ್ ಹೋಗಿದ್ದರೂ ಹಾಗೆಯೇ ಕಾಣುತ್ತದೆ.

ಒಂದೋ, ನಾಲ್ಕೋ? ಒಂದೇ ಬಾಟಲಿ ತುಂಬಿ ಉಳಿದವು ಸಮನಾಗಿದ್ದರೆ ಒಂದನ್ನೇ ಬದಲಿಸಿ. ನಾಲ್ಕೂ ಏರಿದ್ದರೆ ಸೆಟ್ಟಾಗಿ ಬದಲಿಸುವುದೇ ಮೇಲು, ಇಲ್ಲವಾದರೆ ತಿಂಗಳಿಗೊಮ್ಮೆ ನನ್ನ ಮುಖ ನೋಡಬೇಕಾಗುತ್ತದೆ. ವಿದ್ಯುತ್ಕಾಂತದಿಂದ ತೆರೆಯುವ ಹಲವು ಸೊಲೆನಾಯ್ಡ್ ಮಾದರಿಗಳಿಗೆ ನಾಝಲ್, ವಾಲ್ವ್ ಹೊಸದಾಗಿ ಹಾಕಿ ಟೆಸ್ಟ್ ಬೆಂಚ್‌ನಲ್ಲಿ ಸರಿಮಾಡಬಹುದು. ಐಡಲ್, ಫುಲ್ ಲೋಡ್, ರಿಟರ್ನ್ ಮೂರೂ ಅಳತೆ ಬರೆದ ಚೀಟಿ ಕೊಡದ ಕಡೆ ರಿಪೇರಿ ಮಾಡಿಸಬೇಡಿ. ಡೀಸೆಲ್ ಫಿಲ್ಟರ್ ಕೊಯ್ದಾಗ ಒಳಗೆ ಲೋಹದ ಮಿನುಗು ಕಂಡರೆ ಪಂಪೇ ಸವೆಯುತ್ತಿದೆ ಎಂದರ್ಥ. ಟ್ಯಾಂಕಿನಿಂದ ರೇಲ್‌ವರೆಗೆ ಶುದ್ಧ ಮಾಡದೆ ಹಾಕಿದ ಹೊಸ ಇಂಜೆಕ್ಟರನ್ನು ಆ ಚೂರುಗಳೇ ತಿಂದುಹಾಕುತ್ತವೆ.

ಜೋಡಿಸುವಾಗ ಹೊಸ ತಾಮ್ರದ ವಾಷರ್ ಕಡ್ಡಾಯ. ಇಂಜೆಕ್ಟರ್ ಮೈಮೇಲೆ ಕೆತ್ತಿದ ಕೋಡ್ ಇದ್ದರೆ ಅದನ್ನು ಸ್ಕ್ಯಾನರ್‌ನಿಂದ ಇಸಿಯುಗೆ ಬರೆಸಿ, ಬರೆಸದಿದ್ದರೆ ಹೊಸ ಇಂಜೆಕ್ಟರ್‌ನಲ್ಲೂ ಎಂಜಿನ್ ನಡುಕ ಹೋಗದಿರಬಹುದು. ಕೋಡ್‌ನ ಫೋಟೊವನ್ನು ಜೋಡಿಸುವ ಮೊದಲೇ ಮೊಬೈಲ್‌ನಲ್ಲಿ ತೆಗೆದಿಡಿ, ಕೂತ ಮೇಲೆ ಓದಲು ಆಗುವುದಿಲ್ಲ. ಆಯಿಲ್‌ಗೆ ಡೀಸೆಲ್ ಬೆರೆತಿದ್ದರೆ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿಯೇ ಎಂಜಿನ್ ಸ್ಟಾರ್ಟ್ ಮಾಡಿಸಿ.