ಮೂಕಿ ತಾರೆಯರ ಫೋಟೊಗೆ ಕೈಬಣ್ಣ: ಮೊದಲು ಬೂದು ಓದಿ, ಆಮೇಲೆ ಹತ್ತಿ ಹಿಡಿಯಿರಿ

ಸುಲೋಚನಾ ಎಂದೇ ಹೆಸರಾದ ರೂಬಿ ಮೈಯರ್ಸ್, ಗೊಹರ್, ಜುಬೇದಾ, ಪೇಷನ್ಸ್ ಕೂಪರ್, ನಮ್ಮ ಕರಾವಳಿಯ ಕಮಲಾದೇವಿ ಚಟ್ಟೋಪಾಧ್ಯಾಯ. 1920ರ ದಶಕದಲ್ಲಿ ತೆಗೆದ ಈ ಮೂಕಿ ಚಿತ್ರನಟಿಯರ ಯಾವ ಫೋಟೊ ನೋಡಿದರೂ ತುಟಿ ಮಸಿ ಹಚ್ಚಿದಂತೆ ಕಾಣುತ್ತದೆ. ಹಣೆಯ ಮೇಲೆ ಕುಂಕುಮವಿದ್ದರೆ ಅದೂ ಕಪ್ಪು. ಆಗಿನವರು ಕಪ್ಪು ಬೊಟ್ಟನ್ನೇ ಇಡುತ್ತಿದ್ದರೇನೋ ಎಂದುಕೊಂಡು ಬಣ್ಣ ಹಾಕಲು ಕುಳಿತರೆ ಕೆಲಸ ಅಲ್ಲೇ ಕೆಟ್ಟಿತು.

ಆ ಕಾಲದ ಫಿಲಂ, ಗಾಜಿನ ನೆಗೆಟಿವ್‌ಗಳಲ್ಲಿ ಬಹುಪಾಲು ಆರ್ಥೊಕ್ರೊಮ್ಯಾಟಿಕ್ ಜಾತಿಯವು. ಅವು ನೀಲಿ, ಹಸಿರು ಬೆಳಕನ್ನು ಹಿಡಿಯುತ್ತಿದ್ದವು; ಕೆಂಪು ಅವುಗಳ ಪಾಲಿಗೆ ಕತ್ತಲೆ. ಹೀಗಾಗಿ ಕೆಂಪೆಲ್ಲ ಕಪ್ಪಾಗಿ ಬಿತ್ತು, ತಿಳಿನೀಲಿ ಬಿಳಿಯಾಗಿ ಬಿತ್ತು, ಹಳದಿ ಕಣ್ಣಿಗೆ ಕಾಣುವುದಕ್ಕಿಂತ ಮಂಕಾಯಿತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ ಸಿನಿಮಾದಲ್ಲಿ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. 1931ರಲ್ಲಿ ಟಾಕಿ ಬರುವ ಹೊತ್ತಿಗೆ ಮೂಕಿಯ ಕಾಲವೇ ಮುಗಿಯುತ್ತ ಬಂದಿತ್ತು.

ಬಣ್ಣ ಹಾಕುವವರಿಗೆ ಇದರಿಂದ ಆಗುವ ಉಪಯೋಗ ಹೀಗಿದೆ. ಮುಡಿಯಲ್ಲಿ ಬೆಳ್ಳಗೆ ಕಾಣುವುದು ಮಲ್ಲಿಗೆಯೇ ಸರಿ. ಕಪ್ಪುಬೂದು ಬಣ್ಣದ ಹೂ ಕಂಡರೆ ಅದು ಕನಕಾಂಬರವೋ ಕೆಂಪು ಗುಲಾಬಿಯೋ ಆಗಿರಬಹುದು, ಬಾಡಿದ ಹೂವೆಂದು ತಿಳಿಯಬೇಡಿ. ಮೈ ತಿಳಿಬೂದು, ಸೆರಗು ಕಡುಕಪ್ಪು ಇರುವ ಸೀರೆಯಲ್ಲಿ ಸೆರಗು ಇಳಕಲ್ ಸೀರೆಯಂತೆ ಕೆಂಪಿರುವ ಸಾಧ್ಯತೆಯೇ ಹೆಚ್ಚು. ಬಿಳಿ ಸೀರೆಯೆಂದು ಕಂಡದ್ದು ಆಕಾಶನೀಲಿಯೂ ಇರಬಹುದು. ಖಚಿತವಾಗಿ ಹೇಳಲು ಬರುವುದಿಲ್ಲ, ನಿಜ. ಆದರೆ ಬೂದು ಒಪ್ಪದ ಬಣ್ಣ ಹಾಕಿದರೆ ನೋಡಿದವರಿಗೆ ಎಲ್ಲೋ ಏನೋ ತಪ್ಪಿದೆ ಎನಿಸುತ್ತದೆ. ಪೆನ್ಸಿಲ್ ಹಿಡಿದು ಫೋಟೊದ ನಕಲಿನ ಮೇಲೆ ಯಾವ ಭಾಗಕ್ಕೆ ಯಾವ ಬಣ್ಣ ಎಂದು ಮೊದಲೇ ಬರೆದುಕೊಳ್ಳಿ.

ಮೂಲ ಫೋಟೊ ಮುಟ್ಟಬೇಡಿ

ಹಳೆಯ ಪೋಸ್ಟ್‌ಕಾರ್ಡ್ ಆಗಲಿ, ಸ್ಟುಡಿಯೊ ಪ್ರಿಂಟ್ ಆಗಲಿ, ಮೂಲದ ಮೇಲೆ ಬಣ್ಣ ಹಾಕುವುದು ಬೇಡವೇ ಬೇಡ. ಸ್ಕ್ಯಾನ್ ಮಾಡಿ ಹೊಸ ಪ್ರಿಂಟ್ ತೆಗೆಸಿ. ಮೂರೂವರೆ–ಐದೂವರೆ ಇಂಚಿನ ಪೋಸ್ಟ್‌ಕಾರ್ಡನ್ನು 800 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 8×12 ಇಂಚಿನ ಪ್ರಿಂಟಿಗೆ ಸಾಕಾಗುತ್ತದೆ. ಹಳೆಯ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಾದರೆ ಅದರಲ್ಲಿ ಅಚ್ಚಿನ ಚುಕ್ಕೆಗಳಿರುತ್ತವೆ. ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಒತ್ತಿ ಅವನ್ನು ಕರಗಿಸದಿದ್ದರೆ, ಬಣ್ಣ ಹಾಕಿದ ಮೇಲೆ ಕೆನ್ನೆ ತುಂಬ ಸಿಡುಬಿನ ಕಲೆಯಂತೆ ಎದ್ದು ಕಾಣುತ್ತವೆ.

ಹಳೆಯ ಟ್ರಂಕಿನಲ್ಲಿ ಫೋಟೊ ಜೊತೆ ಫಿಲಂ ಸುರುಳಿಯೂ ಸಿಕ್ಕಿತೆನ್ನಿ. ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ಮೂಕಿ ಕಾಲದ ಫಿಲಂ ನೈಟ್ರೇಟಿನದು. ಕೊಳೆಯತೊಡಗಿದ ಸುರುಳಿ ರಾಯಚೂರಿನ ಮೇ ತಿಂಗಳ ಸೆಕೆಯಲ್ಲಿ ದಿನಗಟ್ಟಲೆ ಡಬ್ಬಿಯಲ್ಲಿ ಬೆಂದರೆ ತಾನಾಗಿಯೇ ಹೊತ್ತಿಕೊಳ್ಳಬಹುದು, ನೀರು ಹಾಕಿದರೂ ಆರುವುದು ಕಷ್ಟ. ಇಂಥದ್ದು ಸಿಕ್ಕರೆ ತಿಳಿಸಬೇಕಾದ ಜಾಗ ಪುಣೆಯ ರಾಷ್ಟ್ರೀಯ ಫಿಲಂ ಸಂಗ್ರಹಾಲಯ.

ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ಮೂರು ಕೆಲಸ ಮಾಡಬೇಕು. ಒಂದು, ಚಿತ್ರದ ಕಾಂಟ್ರಾಸ್ಟ್ ಇಳಿಸಿ. ಕಡುಕಪ್ಪು ಎಲ್ಲೂ ನೂರಕ್ಕೆ ನೂರು ಇರದೆ 85ರ ಆಸುಪಾಸಿಗೆ ಬರಲಿ. ಎರಡು, ತುಟಿ, ಕುಂಕುಮ, ಕೆಂಪಿರಬಹುದಾದ ಸೆರಗು, ಇವಿಷ್ಟನ್ನು ಮಾತ್ರ ಆಯ್ದು ಇನ್ನೂ ಒಂದಿಷ್ಟು ತಿಳಿಯಾಗಿಸಿ, ಸರಿಸುಮಾರು ನಡುಬೂದಿಗೆ ತನ್ನಿ. ಕಪ್ಪಿನ ಮೇಲೆ ಎಷ್ಟು ಕೆಂಪು ಹಚ್ಚಿದರೂ ಕಾಣುವುದು ಕಪ್ಪೇ. ಮೂರು, ಇಡೀ ಚಿತ್ರಕ್ಕೆ ತೆಳುವಾದ ಕಂದು ಛಾಯೆ ಕೊಡಿ. ಇದನ್ನು ಬಿಟ್ಟವರೇ ಹೆಚ್ಚು, ಮುಖ ಹಸಿರಾಯಿತೆಂದು ಗೋಳಾಡುವವರೂ ಅವರೇ. ತಣ್ಣನೆಯ ಬೂದಿನ ಮೇಲೆ ಹಳದಿ ಬಿದ್ದರೆ ಅದು ಹಸಿರಿಗೆ ತಿರುಗುತ್ತದೆ, ನಟಿ ಕಾಮಾಲೆ ಬಂದವರಂತೆ ಕಾಣುತ್ತಾರೆ. ಹಿಂದೆ ಸ್ಟುಡಿಯೊದವರು ಪ್ರಿಂಟನ್ನು ಸೆಪಿಯಾ ಮಾಡಿ ಆಮೇಲೆ ಬಣ್ಣ ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಕಾಗದ

ಹೊಳಪಿನ ಪ್ರಿಂಟ್ ಬೇಡ. ಅದರ ಮೇಲೆ ಎಣ್ಣೆಬಣ್ಣ ನಿಲ್ಲದೆ ಜಾರುತ್ತದೆ. ಡಾರ್ಕ್‌ರೂಮ್ ಇದ್ದವರಿಗೆ ಮ್ಯಾಟ್ ಫೈಬರ್ ಕಾಗದ ಅತ್ಯುತ್ತಮ. ಉಳಿದವರು ಲ್ಯಾಬಿನವರಿಗೆ ಪಿಗ್ಮೆಂಟ್ ಇಂಕಿನಲ್ಲಿ, 250ರಿಂದ 300 ಜಿಎಸ್‌ಎಂನ ಮ್ಯಾಟ್ ಹತ್ತಿ ಕಾಗದದ ಮೇಲೆ ಪ್ರಿಂಟ್ ಬೇಕೆಂದು ಬಿಡಿಸಿ ಹೇಳಿ. ಎರಡು ಪ್ರತಿ ತೆಗೆಸಿ, ಒಂದು ಪ್ರಯೋಗಕ್ಕೆ. ಒಂದು ದಿನ ಹಾಗೇ ಒಣಗಲು ಬಿಡಿ.

ಈ ಹತ್ತಿ ಕಾಗದ ಎಣ್ಣೆಯನ್ನು ಸರ್ರನೆ ಹೀರುತ್ತದೆ. ಒಮ್ಮೆ ಹೀರಿದ ಬಣ್ಣವನ್ನು ಒರೆಸಿ ತೆಗೆಯಲು ಆಗುವುದಿಲ್ಲ, ಒರೆಸಲು ಬಾರದಿದ್ದರೆ ಈ ವಿದ್ಯೆಯೇ ನಡೆಯುವುದಿಲ್ಲ. ಅದಕ್ಕೆ ಮೊದಲು ಕಾಗದಕ್ಕೆ ತೆಳು ಲೇಪ ಕೊಡುವ ಮ್ಯಾಟ್ ಫಿಕ್ಸೆಟಿವ್ ಸ್ಪ್ರೇಯನ್ನು ಒಂದಡಿ ದೂರದಿಂದ ತೆಳುವಾಗಿ ಎರಡು ಸಲ ಹೊಡೆಯಬೇಕು, ನಡುವೆ ಅರ್ಧ ಗಂಟೆ ಬಿಡುವು ಕೊಟ್ಟು. ಪ್ರಯೋಗದ ಪ್ರತಿಯ ಮೂಲೆಯಲ್ಲಿ, ಮುಂದೆ ಹೇಳುವ ಟರ್ಪೆಂಟೈನ್–ಅಗಸಿ ಎಣ್ಣೆಯ ಮಿಶ್ರಣ ಹಚ್ಚಿ ನೋಡಿ. ಲೇಪ ಅಂಟಂಟಾದರೆ ಆ ಸ್ಪ್ರೇ ಕೆಲಸಕ್ಕೆ ಬಾರದು, ಬೇರೆ ತನ್ನಿ.

ಪ್ರಿಂಟಿನ ಹಿಂದೆ ನಟಿಯ ಹೆಸರು, ಮೂಲ ಎಲ್ಲಿಯದು, ‘ಕೈಬಣ್ಣದ ಹೊಸ ಪ್ರತಿ’ ಎಂದು ಪೆನ್ಸಿಲಿನಲ್ಲಿ ಬರೆಯುವುದಿದ್ದರೆ ಈಗಲೇ ಬರೆಯಿರಿ. ಬಣ್ಣ ಹಾಕಿದ ಮೇಲೆ ಬರೆದರೆ ಪೆನ್ಸಿಲಿನ ಒತ್ತು ಮುಂಭಾಗದಲ್ಲಿ ಗೀರಾಗಿ ಮೂಡುತ್ತದೆ.

ಬಣ್ಣ, ಎಣ್ಣೆ, ಹತ್ತಿ

ಕೊಪ್ಪಳದ ಕಿನ್ನಾಳ ಗೊಂಬೆಯಲ್ಲಿ ಬಣ್ಣ ಮರವನ್ನು ಪೂರ್ತಿ ಮುಚ್ಚಿದರೇ ಚೆಂದ. ಫೋಟೊದಲ್ಲಿ ತದ್ವಿರುದ್ಧ: ನೆರಳು–ಬೆಳಕಿನ ಕೆಲಸವನ್ನೆಲ್ಲ ಬೂದು ಆಗಲೇ ಮುಗಿಸಿದೆ, ಬಣ್ಣ ಅದರ ಮೇಲೆ ಗಾಜಿನ ಹಾಳೆಯಷ್ಟು ತೆಳುವಾಗಿ ಕುಳಿತುಕೊಳ್ಳಬೇಕು. ಹಾಗಾಗಿ ಪಾರದರ್ಶಕ ಎಣ್ಣೆಬಣ್ಣಗಳಷ್ಟೇ ಬೇಕು. ಕಲಾವಿದರ ದರ್ಜೆಯ ಹಲವು ಕಂಪನಿಗಳ ಟ್ಯೂಬ್ ಮೇಲೆ ಪುಟ್ಟ ಚೌಕವೊಂದಿರುತ್ತದೆ. ಚೌಕ ಖಾಲಿ ಇದ್ದರೆ ಬಣ್ಣ ಪಾರದರ್ಶಕ, ತುಂಬಿದ್ದರೆ ಮುಚ್ಚುವ ಬಣ್ಣ. ಇಂಡಿಯನ್ ಯೆಲ್ಲೊ, ರಾ ಸಿಯೆನ್ನಾ (ಹಳದಿ ಮಿಶ್ರಿತ ಕಂದು), ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಪರ್ಮನೆಂಟ್ ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ವಿರಿಡಿಯನ್ (ಹಸಿರು), ಪ್ರಷ್ಯನ್ ಬ್ಲೂ, ಈ ಆರು ಸಾಕು. ಬರೀ ಅಲಿಝರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ‘ಪರ್ಮನೆಂಟ್’ ಎಂದಿರುವುದನ್ನೇ ಕೇಳಿ. ಬಿಳಿ ಟ್ಯೂಬನ್ನು ಮೇಜಿನ ಹತ್ತಿರವೂ ತರಬೇಡಿ. ಬಿಳಿ ಬೇಕಾದಲ್ಲಿ ಕಾಗದವೇ ಇದೆ.

ಟರ್ಪೆಂಟೈನ್ ಅನ್ನು ಕಲಾ ಸಾಮಗ್ರಿ ಅಂಗಡಿಯಲ್ಲೇ ಕೊಳ್ಳಿ, 100 ಮಿಲಿ ಸಾಕು. ಪೇಂಟ್ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಪೆಟ್ರೋಲಿಯಂ ಎಣ್ಣೆ, ಒಣಗಿದ ಮೇಲೂ ಜಿಡ್ಡು ಬಿಡುತ್ತದೆ. ಅಗಸಿ ಎಣ್ಣೆಯೂ ಕಲಾ ಸಾಮಗ್ರಿ ಅಂಗಡಿಯದೇ, ಶುದ್ಧೀಕರಿಸಿದ್ದು ಬೇಕು. ನಮ್ಮ ಕಡೆ ಗಾಣದಲ್ಲಿ ಅಗಸಿ ಎಣ್ಣೆ ಸಿಗುತ್ತದಲ್ಲ ಎಂದು ಅದನ್ನೇ ಹಾಕಬೇಡಿ. ಹಸಿ ಎಣ್ಣೆಯಲ್ಲಿ ಲೋಳೆ ಅಂಶ ಉಳಿದಿರುತ್ತದೆ, ಒಣಗಲು ತಡವಾಗುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಮೂರು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸಿ ಎಣ್ಣೆ ಬೆರೆಸಿ ಪುಟ್ಟ ಬಾಟಲಿಯಲ್ಲಿಡಿ. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಎರಡಕ್ಕೆ ಒಂದು ಮಾಡಿ, ಇಲ್ಲವಾದರೆ ಟರ್ಪೆಂಟೈನ್ ಕೈಯಲ್ಲೇ ಆರಿ ಬಣ್ಣ ಗೀರುಗೀರಾಗುತ್ತದೆ.

ಉಳಿದಂತೆ ಬೇಕಾದದ್ದು ಔಷಧ ಅಂಗಡಿಯ ಹತ್ತಿ, ಹಲ್ಲುಕಡ್ಡಿ, ಬಿದಿರು ಕಡ್ಡಿ, ಹಳೆಯ ಬನಿಯನ್ ಬಟ್ಟೆ, ಬಣ್ಣ ಕಲಸಲು ಬಿಳಿ ಟೈಲ್ಸ್ ತುಂಡು. ಬ್ರಷ್ ಬೇಡ. ಹತ್ತಿಯನ್ನು ಕಡ್ಡಿಯ ತುದಿಗೆ ಬಿಗಿಯಾಗಿ ಸುತ್ತಿ. ಎಳೆ ಸಡಿಲವಿದ್ದರೆ ಹಸಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ.

ಬಣ್ಣ ಏರಿಸುವುದು, ಇಳಿಸುವುದು

ಉತ್ತರದ ಕಿಟಕಿ ಬಳಿ, ಬೆಳಿಗ್ಗೆ ಹತ್ತರೊಳಗೆ ಕುಳಿತರೆ ಬೆಳಕೂ ಸರಿ, ಸೆಕೆಯೂ ಕಡಿಮೆ. ಸಂಜೆಯ ಹಳದಿ ಬಲ್ಬಿನಡಿ ಹಾಕಿದ ಹಳದಿ ಬೆಳಗಾದರೆ ಅತಿಯಾಗಿರುತ್ತದೆ. ಟರ್ಪೆಂಟೈನ್ ಆವಿ ಹೊರಹೋಗಲು ಕಿಟಕಿ ತೆರೆದಿರಲಿ, ಫ್ಯಾನ್ ಮಾತ್ರ ಬೇಡ. ಬರಿಗೈಯಲ್ಲಿ ಪ್ರಿಂಟ್ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಕಿದ ಕಡೆ ಬಣ್ಣ ಹಿಡಿಯದೆ ಬೆರಳಚ್ಚು ಹಾಗೇ ಮೂಡುತ್ತದೆ.

ಹತ್ತಿಯಲ್ಲಿ ನಾಲ್ಕೈದು ಹನಿ ಮಿಶ್ರಣ ತೆಗೆದುಕೊಂಡು ಇಡೀ ಪ್ರಿಂಟಿಗೆ ಸವರಿ, ಒಣ ಹತ್ತಿಯಿಂದ ಒರೆಸಿ. ಜಿಡ್ಡು ಉಳಿಯದೆ, ಸುಮ್ಮನೆ ನುಣುಪಾಗಿರಬೇಕು.

ಹಿನ್ನೆಲೆಯಿಂದ ಶುರು ಮಾಡಿ. 8×12ರ ಹಿನ್ನೆಲೆಗೆ ಬಟಾಣಿ ಕಾಳಿನಷ್ಟು ಬಣ್ಣ ಸಾಕು. ಅಲ್ಲಲ್ಲಿ ಚುಕ್ಕೆಯಿಟ್ಟು, ಹತ್ತಿಯಿಂದ ಸಣ್ಣ ಸುತ್ತು ಹಾಕುತ್ತ ಹರಡಿ. ಬೇಕಾದದ್ದಕ್ಕಿಂತ ಗಾಢವಾಗಿ ಕಾಣುತ್ತದೆ, ಗಾಬರಿ ಬೇಡ. ಈಗ ಶುಭ್ರ ಹತ್ತಿ ಹಿಡಿದು ಒರೆಸುತ್ತ ಹೋಗಿ. ಹಾಕಿದ ಬಣ್ಣದಲ್ಲಿ ಮುಕ್ಕಾಲು ಪಾಲು ಹತ್ತಿಗೇ ಹೋಗುತ್ತದೆ, ಉಳಿದ ತೆಳುಪದರವೇ ಬಣ್ಣ. ಈ ಕೆಲಸದಲ್ಲಿ ಒರೆಸುವ ಕೈಗೇ ಹೆಚ್ಚು ಬೆಲೆ. ಭುಜ, ಮುಡಿಯ ಅಂಚು ದಾಟಿದ ಬಣ್ಣವನ್ನು ಮಿಶ್ರಣದಲ್ಲಿ ತುಸುವೇ ತೋಯಿಸಿದ ಹಲ್ಲುಕಡ್ಡಿಯ ಹತ್ತಿಯನ್ನು ಉರುಳಿಸುತ್ತ ತೆಗೆಯಿರಿ. ಉಜ್ಜಿದರೆ ಅಂಚಿನ ಸುತ್ತ ಬಿಳಿ ಗೆರೆ ಉಳಿಯುತ್ತದೆ.

ಮುಂದೆ ಸೀರೆ, ರವಿಕೆ. ಮಡಿಕೆಯ ನೆರಳಿಗೆಂದು ಬೇರೆ ಗಾಢ ಬಣ್ಣ ಬೇಕಿಲ್ಲ, ಬೂದು ಅದನ್ನು ನೋಡಿಕೊಳ್ಳುತ್ತದೆ. ಈಗಿನ ಗಾಢ ರಾಣಿ ಬಣ್ಣ, ಗಿಳಿಹಸಿರು ಅಂದಿನ ಚಿತ್ರಕ್ಕೆ ಒಗ್ಗವು. ಯಾವ ಬಣ್ಣಕ್ಕಾದರೂ ಅದರ ಎದುರು ಬಣ್ಣದ ಸಾಸಿವೆಯಷ್ಟು ಸೇರಿಸಿ ಮಂಕು ಮಾಡಿ: ಹಸಿರಿಗೆ ತುಸು ಅಲಿಝರಿನ್, ನೀಲಿಗೆ ತುಸು ಬರ್ಂಟ್ ಸಿಯೆನ್ನಾ.

ಮುಖಕ್ಕೆ ರಾ ಸಿಯೆನ್ನಾ ಜೋಳದ ಕಾಳಿನಷ್ಟು, ಬರ್ಂಟ್ ಸಿಯೆನ್ನಾ ಅದರರ್ಧ, ಅಲಿಝರಿನ್ ಸಾಸಿವೆಯಷ್ಟು. ಮುಖ, ಕತ್ತು, ಕೈ, ಕಿವಿ ಎಲ್ಲದಕ್ಕೂ ಒಂದೇ ಸಲ ಹಚ್ಚಿ, ತುಟಿ–ಹುಬ್ಬಿನ ಮೇಲೂ ಹಾಯಲಿ. ಒರೆಸುವಾಗ ಹಣೆ, ಮೂಗಿನ ಕಂಬ, ಗಲ್ಲದ ಬೆಳಕನ್ನು ಇನ್ನಷ್ಟು ತೆಗೆಯಿರಿ. ಆರ್ಥೊಕ್ರೊಮ್ಯಾಟಿಕ್ ಫಿಲಂನಲ್ಲಿ ಮುಖ ಕಪ್ಪಾಗಬಾರದೆಂದು ನಟಿಯರು ದಪ್ಪ ಬಿಳುಪು ಮೇಕಪ್ ಹಾಕುತ್ತಿದ್ದರು, ಕೈಗೆ ಅಷ್ಟಿರಲಿಲ್ಲ. ಆದ್ದರಿಂದ ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಇರುವ ಫೋಟೊ ಬಹಳ. ಇಂಥಲ್ಲಿ ಕೈಯ ಮೇಲಿನ ಬಣ್ಣವನ್ನು ಹೆಚ್ಚು ಒರೆಸಿ, ಮುಖದ್ದನ್ನು ಕಡಿಮೆ ಒರೆಸಿ ಹೊಂದಿಸಿಕೊಳ್ಳಿ.

ಕೆನ್ನೆಗೆ ಅಲಿಝರಿನ್ ಹಚ್ಚುವುದು ಮೈಬಣ್ಣ ಹಸಿಯಿರುವಾಗಲೇ. ಕಣ್ಣಿನ ಕೆಳಗಲ್ಲ, ಕೆನ್ನೆಮೂಳೆಯ ಮೇಲೆ ಚುಕ್ಕೆಯಿಟ್ಟು ಕಿವಿಯ ಕಡೆ ಕರಗಿಸಿ. ತುಟಿಗೆ ಬರೀ ಅಲಿಝರಿನ್ ಹಾಕಿದರೆ ನೇರಳೆಗೆ ಹೋಗುತ್ತದೆ, ಸ್ವಲ್ಪ ಬರ್ಂಟ್ ಸಿಯೆನ್ನಾ ಬೆರೆಸಿ. ಕಣ್ಣಿನ ಬಿಳಿಯನ್ನು ಕಡ್ಡಿಯಿಂದ ಒರೆಸಿ, ಪೂರ್ತಿ ಬಿಳಿ ಮಾಡಬೇಡಿ. ಮೂಗಿನ ಕಡೆಯ ಮೂಲೆಯಲ್ಲಿ ಗುಲಾಬಿಯ ಒಂದು ಸೂಜಿಮೊನೆ ಚುಕ್ಕೆ ಬಿದ್ದರೆ ಕಣ್ಣಿಗೆ ಜೀವ ಬರುತ್ತದೆ. ಕಪ್ಪು ಕೂದಲಿಗೆ ಬಣ್ಣ ಹಾಕಿ ಫಲವಿಲ್ಲ. ಹೊಳಪಿರುವ ಅಲೆಗಳ ಮೇಲೆ ಮಾತ್ರ ಪ್ರಷ್ಯನ್ ಬ್ಲೂವಿನ ಸುಳಿವು ಕೊಡಿ.

ಒಡವೆ ಕೊನೆಗೆ. ಚಿನ್ನಕ್ಕೆ ಇಂಡಿಯನ್ ಯೆಲ್ಲೊ, ಅದರ ನೆರಳಿಗೆ ಬರ್ಂಟ್ ಸಿಯೆನ್ನಾ, ಹೊಳಪಿನ ಚುಕ್ಕೆಯನ್ನು ಒಣ ಕಡ್ಡಿಯಿಂದ ಕಾಗದ ಕಾಣುವವರೆಗೆ ಎತ್ತಿಬಿಡಿ. ಮುತ್ತನ್ನು ಮುಟ್ಟಬೇಡಿ. ಹಸ್ತದಷ್ಟೂ ಅಗಲವಿಲ್ಲದ ಮುಖದಲ್ಲಿ ಮೂಗುತಿಯ ಹರಳಿಗೆ ಹತ್ತಿ ದಪ್ಪವಾಗುತ್ತದೆ. ಎಲ್ಲ ಒಣಗಿದ ಮೇಲೆ ಚೂಪಾದ ಕಲರ್ ಪೆನ್ಸಿಲಿನಿಂದ ಮುಗಿಸಿ.

ಒಣಗಿಸುವುದು, ಚೌಕಟ್ಟು

ತೆಳುಪದರವಾದರೆ ನಾಲ್ಕೈದು ದಿನ, ಅಲಿಝರಿನ್ ಹೆಚ್ಚಿರುವಲ್ಲಿ ಹತ್ತು ದಿನವೂ ಆದೀತು. ಬಿಸಿಲಿಗಿಟ್ಟು ಆತುರ ಮಾಡಿದರೆ ಕಾಗದ ಸುರುಳಿಯಾಗುತ್ತದೆ. ಸಂಡೂರು, ತೋರಣಗಲ್ಲು ಕಡೆಯವರಿಗೆ ಅದಿರಿನ ಕೆಂಪು ಧೂಳೇ ದೊಡ್ಡ ಶತ್ರು, ಹಸಿ ಎಣ್ಣೆಗೆ ಕೂತರೆ ತಿಳಿ ಹಿನ್ನೆಲೆಯಲ್ಲಿ ಗುಲಾಬಿ ಚುಕ್ಕೆ ಬಿಟ್ಟೇ ಹೋಗುತ್ತದೆ. ನಾಲ್ಕು ಮೂಲೆಗೆ ಕಡ್ಡಿಪೆಟ್ಟಿಗೆಯಿಟ್ಟು ಮೇಲೊಂದು ಟ್ರೇ ಬೋರಲು ಹಾಕಿ, ಗಾಳಿಯಾಡಲು ಸಂದಿಯಿರಲಿ. ಎರಡನೇ ಪದರ ಬೇಕೆನಿಸಿದರೆ ಮೊದಲನೆಯದು ಪೂರ್ತಿ ಒಣಗಿದ ಮೇಲೆಯೇ, ಇಲ್ಲವಾದರೆ ಹೊಸದರ ಜೊತೆ ಹಳೆಯದೂ ಎದ್ದು ಬರುತ್ತದೆ.

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಬಣ್ಣ ಕದಡಿ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಮತ್ತೆ ಬಿಡಿಸಲಾಗದು. ಗಾಜು ಚಿತ್ರಕ್ಕೆ ತಾಗದಂತೆ ಎರಡು–ಮೂರು ಮಿಲಿಮೀಟರಿನ ಮೌಂಟ್ ಬೋರ್ಡ್ ಹಾಕಿ ಫ್ರೇಮ್ ಮಾಡಿಸಿ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಮಾರುವುದಾದರೆ: ಭಾರತದಲ್ಲಿ 2012ರ ತಿದ್ದುಪಡಿಯವರೆಗೆ ಛಾಯಾಚಿತ್ರದ ಹಕ್ಕುಸ್ವಾಮ್ಯ ಪ್ರಕಟಣೆಯ ನಂತರ 60 ವರ್ಷ ಇತ್ತು, ಮೂಕಿ ಕಾಲದಲ್ಲಿ ಪ್ರಕಟವಾದ ಚಿತ್ರಗಳ ಅವಧಿ ಅದಕ್ಕೂ ಮೊದಲೇ ಮುಗಿದಿದ್ದರಿಂದ ಅವಕ್ಕೆ ಆ ತೊಡಕಿಲ್ಲ. ಸಂಗ್ರಹಾಲಯದಿಂದ ಪಡೆದ ಸ್ಕ್ಯಾನ್ ಆದರೆ ಅವರ ಷರತ್ತು ಕೇಳಿಕೊಳ್ಳಿ.

ಒರೆಸಿದ ಹತ್ತಿ, ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸಿ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ಬೆಂಕಿ ಹತ್ತಬಹುದು. ಅದೇ ದಿನ ನೀರಲ್ಲಿ ನೆನೆಸಿ, ಅಂಗಳದಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.